ಎನ್‌ಸ್ಲೇವ್ಡ್ ಬ್ಯಾಂಡಿನ ಮೊದಮೊದಲ ರೆಕಾರ್ಡಿಂಗ್‌ಗಳು: ನಿಜಕ್ಕೂ ಅಷ್ಟು ಚೆನ್ನಾಗಿವೆಯಾ, ಸುಮ್ನೆ ಹಳೇದು ಅಂತ ಹೊಗಳೋದಾ?

ಕಾಫಿತೋಟ

ಎಲ್ಲರಿಗೂ ನಮಸ್ಕಾರ. ನಾನು ಹೆವಿ ಮೆಟಲ್ ಸಂಗೀತ ಕೇಳೋಕೆ ಶುರು ಮಾಡಿದ್ದು ಐರನ್ ಮೇಡನ್ ಬ್ಯಾಂಡಿನಿಂದ. 2007ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನನಗೆ ಪಿಯುಸಿ ಪರೀಕ್ಷೆ. ಮನೆಯಲ್ಲಿ ಬಿಡಲಿಲ್ಲ. ಆ ಹೊಟ್ಟೆಯುರಿ ಇನ್ನೂ ಇದೆ, ಇರಲಿ.

ಹೋದ ತಿಂಗಳು ಒಬ್ಬ ಗೆಳೆಯ ಎನ್‌ಸ್ಲೇವ್ಡ್ ಅನ್ನೋ ನಾರ್ವೆಯ ಬ್ಲ್ಯಾಕ್ ಮೆಟಲ್ (ಕಿರುಚು ದನಿ, ಬಿರುಸು ಗಿಟಾರಿನ ಮೆಟಲ್) ಬ್ಯಾಂಡಿನ 2023ರ ಆಲ್ಬಮ್ 'ಹೈಮ್‌ಡಾಲ್' ಕೇಳಿಸಿದ. ತುಂಬಾ ಹಿಡಿಸಿತು. ಇವರು ಮೊದಲು ಏನು ಮಾಡುತ್ತಿದ್ದರು ನೋಡೋಣ ಅಂತ ಹುಡುಕಿಕೊಂಡು ಹೋಗಿ 'ಹೊರ್ಡಾನೆಸ್ ಲಾಂಡ್' ಅನ್ನೋ ಅವರ ಹಳೇ ಇಪಿ (ಕೆಲವೇ ಹಾಡಿನ ಸಣ್ಣ ಆಲ್ಬಮ್) ಹಾಕಿದೆ. ದೇವರಾಣೆ, ನಮ್ಮ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್ ಓಡುವಾಗ ಒಳಗೆ ಯಾರೋ ಕೂತು ಕೀಬೋರ್ಡ್ ನುಡಿಸಿದ ಹಾಗಿತ್ತು. ಅಮ್ಮ ಬಂದು 'ಮೋಟರ್ ಆಫ್ ಮಾಡೋ' ಅಂದರು.

ಆದರೆ ಗೊತ್ತಿರುವವರೆಲ್ಲ ಇದನ್ನೇ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ನನಗೆ ಕೇಳಿಸದೇ ಇರೋದು ಅದರಲ್ಲಿ ಏನಿದೆ? ಎಲ್ಲಿಂದ ಶುರು ಮಾಡಲಿ?

ಹಳೇಟೇಪು

ತಮ್ಮಾ, ನೀನು ತಪ್ಪು ಬಾಗಿಲಿಂದ ಒಳಗೆ ಬಂದಿದ್ದೀಯ. ಇನ್ನೂ ಹಿಂದಕ್ಕೆ ಹೋಗು. 1992ರ 'ಇಗ್‌ಡ್ರಾಸಿಲ್' ಡೆಮೊದಿಂದ (ಹೊಸ ಬ್ಯಾಂಡ್ ತಾನೇ ಮಾಡಿಕೊಳ್ಳೋ ಕಚ್ಚಾ ರೆಕಾರ್ಡಿಂಗ್) ಶುರು ಮಾಡು. ಕ್ಯಾಸೆಟ್‌ನಲ್ಲಿ ಬಂದದ್ದು. ಆಮೇಲೆ 1995ರಲ್ಲಿ ಸಟಿರಿಕಾನ್ ಅನ್ನೋ ಇನ್ನೊಂದು ಬ್ಯಾಂಡಿನ ಡೆಮೊ ಜೊತೆ ಸೇರಿಸಿ ಮೂನ್‌ಫಾಗ್ ಲೇಬಲ್‌ನವರು ಒಂದೇ ಸಿಡಿಯಲ್ಲಿ ಬಿಟ್ಟರು. ಬ್ಯಾಂಡಿನ ನಿಜವಾದ ಮುಖ ಅದು. ಸ್ಟುಡಿಯೋ ಇಲ್ಲ, ದುಡ್ಡಿಲ್ಲ, ಹುಡುಗರ ಸಿಟ್ಟು ಮಾತ್ರ ಇದೆ. ಬರ್ಗೆನ್‌ನ ಗ್ರೀಗ್‌ಹಾಲೆನ್ ಸ್ಟುಡಿಯೋಗೆ ಕಾಲಿಟ್ಟ ಮೇಲೆ ಇವರಿಗೆ ನಾಜೂಕು ಬಂತು.

ಈ ಸಂಗೀತವನ್ನ ನೀಟಾಗಿ ರೆಕಾರ್ಡ್ ಮಾಡಿದರೆ ಸತ್ತೇ ಹೋಗುತ್ತದೆ. ನಾನು 90ರ ದಶಕದಲ್ಲಿ ಕ್ಯಾಸೆಟ್‌ನಲ್ಲಿ ಕೇಳಿದವನು. ನನಗೆ ಗೊತ್ತು.

ಡಬಲ್‌ಬಾಸ್

ಹಳೇಟೇಪು ಅಣ್ಣ ಬಂದರು, ಚಾಪೆ ಹಾಸಿ 🙂

ನಾನು ಒಪ್ಪುವುದಿಲ್ಲ. ಮೊದಲು ಕಾಫಿತೋಟ ಅವರಿಗೆ ಕಾಲಕ್ರಮ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ.

1991ರಲ್ಲಿ ಇಬ್ಬರು ಹುಡುಗರು ಫೋಬಿಯಾ ಅನ್ನೋ ಡೆತ್ ಮೆಟಲ್ ಬ್ಯಾಂಡ್ ಬಿಟ್ಟು ಇದನ್ನ ಶುರು ಮಾಡಿದರು. ಇವಾರ್ ಬ್ಯೋರ್ನ್‌ಸನ್‌ಗೆ ಆಗ ಹದಿಮೂರು ವರ್ಷ. ಗ್ರೂಟ್ಲೆ ಶೆಲ್‌ಸನ್‌ಗೆ ಹದಿನೇಳು. ಡ್ರಮ್ಸ್‌ಗೆ ಟ್ರಿಮ್ ಟೋರ್ಸನ್. ಹೆಸರು ಕೊಟ್ಟಿದ್ದು ಇಮ್ಮಾರ್ಟಲ್ ಬ್ಯಾಂಡಿನ ಡೆಮೊನಾಝ್, ತಮ್ಮದೇ ಒಂದು ಡೆಮೊ ಹಾಡಿನ ಹೆಸರಿನಿಂದ ಒಂದು ಪದ ಕಿತ್ತು. ಅದೇ ವರ್ಷ ಮೊದಲ ಡೆಮೊ 'ನೇಮಾ' ಬಂತು. ರೋಮನ್ ಅಕ್ಷರದಲ್ಲಿ ಬರೆದು ಹಿಂದಿನಿಂದ ಓದಿ, 'ಆಮೆನ್' ಅಂತ ಬರುತ್ತದೆ. ಆ ವಯಸ್ಸಿನ ಹುಡುಗರ ತುಂಟತನ. ಮರುವರ್ಷ 'ಇಗ್‌ಡ್ರಾಸಿಲ್' ಹೊತ್ತಿಗೆ ಆ ಸೈತಾನ್ ಆಟವೆಲ್ಲ ಬಿಟ್ಟು ಓಡಿನ್, ಹೈಮ್‌ಡಾಲ್ ಅಂತ ಹಳೆ ನಾರ್ಸ್ ದೇವರುಗಳ ಕಡೆ ತಿರುಗಿದ್ದರು.

1992ರಲ್ಲೇ 'ಹೊರ್ಡಾನೆಸ್ ಲಾಂಡ್' ರೆಕಾರ್ಡ್ ಮಾಡಿದರು. ಮೂರೇ ಹಾಡು. ಮೊದಲನೆಯದೇ ಹದಿಮೂರು ನಿಮಿಷ. 1993ರಲ್ಲಿ ಇಂಗ್ಲೆಂಡಿನ ಕ್ಯಾಂಡಲ್‌ಲೈಟ್ ಅದನ್ನ ಎಂಪರರ್ ಬ್ಯಾಂಡಿನ ಮೊದಲ ಇಪಿ ಜೊತೆ ಒಂದೇ ಸಿಡಿಯಲ್ಲಿ ತಂದಿತು. 1994ರ ಫೆಬ್ರವರಿಯಲ್ಲಿ ಮೊದಲ ಪೂರ್ತಿ ಆಲ್ಬಮ್ 'ವೈಕಿಂಗ್ಲಿಗ್ರ್ ವೆಲ್ಡಿ'. ಅದೇ ವರ್ಷ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಆಸ್ಮೋಸ್ ಲೇಬಲ್‌ನಿಂದ 'ಫ್ರಾಸ್ಟ್'. ಟ್ರಿಮ್ ಬಿಟ್ಟು ಎಂಪರರ್ ಸೇರಿಕೊಂಡ. 1997ರಲ್ಲಿ ಬೇರೆ ಡ್ರಮ್ಮರ್ ಜೊತೆ 'ಎಲ್ಡ್'. ನನ್ನ ಲೆಕ್ಕದಲ್ಲಿ 'ಮೊದಮೊದಲು' ಅನ್ನೋದು ಇಲ್ಲಿಗೆ ಮುಗಿಯಿತು.

ಈಗ ಜಗಳ. 'ಇಗ್‌ಡ್ರಾಸಿಲ್'ನಲ್ಲಿ 'ಆಲ್‌ಫಾದ್ರ್ ಓಡಿನ್' ಅನ್ನೋ ಹಾಡಿದೆ. ಅದೇ ಹಾಡು 'ಹೊರ್ಡಾನೆಸ್ ಲಾಂಡ್'ನಲ್ಲೂ ಇದೆ. ಡೆಮೊದ ಇನ್ನೊಂದು ಹಾಡು 'ಹೈಮ್‌ಡಾಲ್ರ್' ಮತ್ತೆ ಮೊದಲ ಆಲ್ಬಮ್‌ನಲ್ಲಿ ಬರುತ್ತದೆ. ಅಂದರೆ ಹುಡುಗರಿಗೇ ಡೆಮೊ ಸಾಕಾಗಿರಲಿಲ್ಲ ಅಣ್ಣ! ಕೈಗೆ ಸಿಕ್ಕಷ್ಟು ಒಳ್ಳೆ ಜಾಗಕ್ಕೆ ಹೋಗಿ ಮತ್ತೆ ಮತ್ತೆ ಮಾಡಿದ್ದಾರೆ. ಬೇಕಂತಲೇ ಒರಟಾಗಿ ಮಾಡಿದವರು ಬೇರೆ ಇದ್ದಾರೆ. ಡಾರ್ಕ್‌ಥ್ರೋನ್ 1994ರಲ್ಲಿ ಮನೆಯಲ್ಲಿ ನಾಲ್ಕು ಟ್ರ್ಯಾಕ್‌ನ ಮೆಷಿನ್ ಇಟ್ಟುಕೊಂಡು ಒಂದು ಆಲ್ಬಮ್ ಮಾಡಿದರು, ಅದು ಅವರ ಆಯ್ಕೆ. ಎನ್‌ಸ್ಲೇವ್ಡ್‌ಗೆ ಒರಟುತನ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ದೊಡ್ಡದು. ಕೈ ಇನ್ನೂ ಸಣ್ಣದಿತ್ತು, ಅಷ್ಟೇ. ನನಗೆ ಈ ರೆಕಾರ್ಡಿಂಗ್‌ಗಳಲ್ಲಿ ಇಷ್ಟವಾಗುವುದು ಆ ಎಟುಕದಿರುವಿಕೆ.

ತಣ್ಣೀರು

ಒಂದು ನಿಮಿಷ. ಹದಿನಾಲ್ಕು ವರ್ಷದ ಹುಡುಗ ಹದಿಮೂರು ನಿಮಿಷದ ಹಾಡು ಬರೆದರೆ ಅದಕ್ಕೆ 'ಎಡಿಟ್ ಮಾಡೋಕೆ ಬರಲ್ಲ' ಅಂತಾರೆ, ಮಹಾಕಾವ್ಯ ಅಂತಲ್ಲ. ನಾನು ಎರಡು ಸಲ ಕೇಳಿದೆ. ಒಂದೇ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು), ಒಂದೇ ರಿಫ್, ಮತ್ತೆ ಒಂದೇ ರಿಫ್. ನಡುವೆ ಯಾರೋ ಗಂಟಲು ಕೆರೆದುಕೊಳ್ಳುತ್ತಾರೆ.

ಡಬಲ್‌ಬಾಸ್

@ತಣ್ಣೀರು ಸಾರ್, ರಿಫ್ ಒಂದೇ. ಕೆಳಗೆ ಡ್ರಮ್ಸ್ ಒಂದೇ ಅಲ್ಲ. ಮುಂದಿನ ಸಲ ಗಿಟಾರ್ ಬಿಟ್ಟು ಬರೀ ಟ್ರಿಮ್ ಕೈ ಕೇಳಿ. ಗಿಟಾರ್ ಮಳೆ ಹಾಗೆ ಒಂದೇ ಸಮನೆ ಸುರಿಯುತ್ತಿರುತ್ತದೆ. ಡ್ರಮ್ಸ್ ಬ್ಲಾಸ್ಟ್‌ನಿಂದ, ಅಂದರೆ ಎಡೆಬಿಡದ ಬಿರುಸಿನ ಹೊಡೆತದಿಂದ, ಅರ್ಧ ವೇಗಕ್ಕೆ ಇಳಿದ ತಕ್ಷಣ ಅದೇ ರಿಫ್ ಬೇರೆ ರಾಗದ ಹಾಗೆ ಕೇಳಿಸುತ್ತದೆ. ಮೊದಲ ಆಲ್ಬಮ್‌ನಲ್ಲಿ ಐದೇ ಹಾಡು, ಸುಮಾರು ಐವತ್ತು ನಿಮಿಷ, ಅದರಲ್ಲಿ ನಾಲ್ಕು ಹಾಡು ಹತ್ತು ನಿಮಿಷ ದಾಟುತ್ತವೆ. ಈ ತಂತ್ರ ಇಲ್ಲದೆ ಅಷ್ಟು ಹೊತ್ತು ಕೂರಿಸೋಕೆ ಆಗುವುದಿಲ್ಲ.

ಗಂಟಲಿನ ಬಗ್ಗೆ ಏನೂ ಹೇಳಲಾರೆ, ಅದು ಅಭ್ಯಾಸ. ಹಾಗಲಕಾಯಿ ಥರ.

ಬರ್ಗೆನ್‌ಮಳೆ

ನಾನು ಆರು ವರ್ಷದಿಂದ ಬರ್ಗೆನ್‌ನಲ್ಲಿದ್ದೇನೆ (ಸಾಫ್ಟ್‌ವೇರ್, ಇನ್ನೇನು). ಊರು ತೀರ್ಥಹಳ್ಳಿ ಕಡೆ. ಇಲ್ಲಿನವರು 'ಯುರೋಪಲ್ಲೇ ನಮ್ಮೂರಲ್ಲಿ ಮಳೆ ಜಾಸ್ತಿ' ಅಂತ ಎದೆ ಉಬ್ಬಿಸುತ್ತಾರೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಚಿಲ್ಲರೆ. ಆಗುಂಬೆಯಲ್ಲಿ ಏಳು ಸಾವಿರದ ಮೇಲೆ ಬೀಳುತ್ತದೆ ಅಂದರೆ ನಂಬುವುದಿಲ್ಲ.

ಹಳೇಟೇಪು ಅವರು 'ಗ್ರೀಗ್‌ಹಾಲೆನ್‌ಗೆ ಹೋಗಿ ನಾಜೂಕಾದರು' ಅಂದರಲ್ಲ, ಆ ಜಾಗದ ಬಗ್ಗೆ ಎರಡು ಮಾತು. ಅದು ಮೆಟಲ್ ಸ್ಟುಡಿಯೋ ಅಲ್ಲ. ಸಂಗೀತಗಾರ ಎಡ್ವರ್ಡ್ ಗ್ರೀಗ್ ಹೆಸರಿನಲ್ಲಿ 1978ರಲ್ಲಿ ತೆರೆದ ಊರಿನ ದೊಡ್ಡ ಸಭಾಂಗಣ. ಮುಖ್ಯ ಹಾಲ್‌ನಲ್ಲಿ ಸುಮಾರು 1,500 ಸೀಟು. ಬರ್ಗೆನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಮನೆ. ನಾನು ಮೊದಲು ಹೋದದ್ದು ಪಿಟೀಲು ಕಛೇರಿಗೆ. ಕೋಟು ಹಾಕಿಕೊಂಡ ಅಜ್ಜ ಅಜ್ಜಿಯರು, ಮಧ್ಯಂತರದಲ್ಲಿ ಕಾಫಿ. ಅದೇ ಕಟ್ಟಡದ ಒಳಗಿನ ಸ್ಟುಡಿಯೋದಲ್ಲಿ ಪಿಟ್ಟೆನ್ ಅಂತ ಎಲ್ಲರೂ ಕರೆಯುವ ಐರಿಕ್ ಹುಂಡ್‌ವಿನ್ ಅವರು ಮೇಹೆಮ್, ಬುರ್ಝುಮ್, ಇಮ್ಮಾರ್ಟಲ್, ಎಂಪರರ್, ಎನ್‌ಸ್ಲೇವ್ಡ್ ಬ್ಯಾಂಡ್‌ಗಳನ್ನೆಲ್ಲ ರೆಕಾರ್ಡ್ ಮಾಡಿದ್ದು. ಕಾಡು, ಗುಹೆ, ಹಿಮ ಅಂತ ನಾವು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುವ ಆ ಗುಂಯ್‌ಗುಡುವ ಸದ್ದು ಬಂದದ್ದು ಹವಾನಿಯಂತ್ರಿತ ಕಾಂಕ್ರೀಟ್ ಕಟ್ಟಡದಿಂದ. ನನಗಂತೂ ಇದು ಬಹಳ ಖುಷಿ ಕೊಡುತ್ತದೆ.

ಇನ್ನು ಇವರ ಊರು ಬರ್ಗೆನ್ ಅಲ್ಲ. ದಕ್ಷಿಣಕ್ಕೆ ಹೌಗೆಸುಂಡ್ ಮತ್ತು ಅದರ ಪಕ್ಕದ ಸ್ವೇಯೊ. ಇಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ. ನಡುವೆ ಬಸ್ಸೇ ಫೆರ್ರಿ ಹತ್ತಿ ಫ್ಯೋರ್ಡ್ ದಾಟುತ್ತದೆ, ನಾವು ಇಳಿದು ಮೇಲೆ ಹೋಗಿ ವಾಫಲ್ ತಿನ್ನಬೇಕು. ಹಳೆಯ ಕಾಲದಲ್ಲಿ ಈ ಸೀಮೆಯಲ್ಲಿದ್ದ ಬುಡಕಟ್ಟಿನ ಹೆಸರಿನಿಂದಲೇ ಹೊರ್ಡಾಲಾಂಡ್ ಅನ್ನೋ ಹೆಸರು ಬಂದದ್ದು. 'ಹೊರ್ಡಾನೆಸ್ ಲಾಂಡ್' ಅಂದರೆ ಆ ಹೊರ್ಡರ ನಾಡು. ಅಂದರೆ ನಾರ್ವೆ ಅಲ್ಲ, ವೈಕಿಂಗ್ ಲೋಕ ಅಲ್ಲ, 'ನಮ್ಮ ಜಿಲ್ಲೆ' ಅಂತ ಹೆಸರಿಟ್ಟಿದ್ದಾರೆ ಹುಡುಗರು. 2020ರಲ್ಲಿ ಸರ್ಕಾರ ಹೊರ್ಡಾಲಾಂಡನ್ನ ಪಕ್ಕದ ಜಿಲ್ಲೆ ಜೊತೆ ಸೇರಿಸಿ ವೆಸ್ಟ್‌ಲಾಂಡ್ ಮಾಡಿತು. ಈಗ ನಕ್ಷೆಯಲ್ಲಿ ಆ ಜಿಲ್ಲೆ ಇಲ್ಲ, ಸಿಡಿ ಮೇಲೆ ಇದೆ.

ಹೌಗೆಸುಂಡ್‌ನಲ್ಲಿ ಹರಾಲ್ಡ್ಸ್‌ಹೌಗೆನ್ ಅಂತ ಒಂದು ಸ್ಮಾರಕ ಇದೆ. ನಾರ್ವೆಯನ್ನ ಒಂದು ಮಾಡಿದ ಅನ್ನುವ ರಾಜ ಹರಾಲ್ಡನ ಸಮಾಧಿ ಅಂತ ನಂಬಿಕೆ. ಹದಿನೇಳು ಮೀಟರ್ ಎತ್ತರದ ಕಲ್ಲುಕಂಬ, ಸುತ್ತ 29 ಸಣ್ಣ ಕಲ್ಲುಗಳು. ನೋಡಿದರೆ ಸಾವಿರ ವರ್ಷ ಹಳೇದು ಅನಿಸುತ್ತದೆ. ಕಟ್ಟಿದ್ದು 1872ರಲ್ಲಿ! ನಾನು ಹೋದ ದಿನ ಅದರ ಬುಡದಲ್ಲಿ ಇಬ್ಬರು ಹುಡುಗರು ಚಿಪ್ಸ್ ತಿನ್ನುತ್ತಾ ಕೂತಿದ್ದರು. ಒಬ್ಬನ ಟೀ ಶರ್ಟ್ ಬ್ಯಾಂಡಿನದು ಇರಬಹುದು ಅಂತ ಆಸೆಯಿಂದ ನೋಡಿದೆ. ಫುಟ್‌ಬಾಲ್ ಕ್ಲಬ್ಬಿನದು.

ಹಳೇಟೇಪು

ಬರ್ಗೆನ್‌ಮಳೆ ಅವರೇ, 1872 ಅಂದಿರಿ. ತಲೆಗೆ ಒಂದು ಹೊಳೆಯಿತು. ಸ್ವೀಡನ್‌ನ ಬ್ಯಾಥೊರಿ ಬ್ಯಾಂಡ್ ಗೊತ್ತಲ್ಲ, ಈ ಎಲ್ಲ ಹುಡುಗರ ದೊಡ್ಡಣ್ಣ? 1988ರಲ್ಲಿ ಅವರು ತಂದ 'ಬ್ಲಡ್ ಫೈರ್ ಡೆತ್' ಆಲ್ಬಮ್ಮಿನ ಕವರ್‌ನಲ್ಲಿ ಆಕಾಶದಲ್ಲಿ ಕುದುರೆ ಮೇಲೆ ದೇವರ ದಂಡು ಹೋಗುವ ಚಿತ್ರ ಇದೆ. ನಾರ್ವೆಯ ಚಿತ್ರಕಾರ ಪೀಟರ್ ನಿಕೊಲಾಯ್ ಆರ್ಬೊ ಬರೆದದ್ದು. ಅದರ ವರ್ಷವೂ 1872.

ಬರ್ಗೆನ್‌ಮಳೆ

ಹೌದು! ಆ ಪೇಂಟಿಂಗ್ ಓಸ್ಲೋದಲ್ಲಿದೆ, ನೋಡಿದ್ದೇನೆ. ಗೋಡೆ ತುಂಬ ಇದೆ. ಆ ವರ್ಷಕ್ಕೆ ಹರಾಲ್ಡ್ ನಾಡು ಒಂದುಗೂಡಿಸಿ ಸಾವಿರ ವರ್ಷ ಆಯಿತು ಅಂತ ಇಡೀ ದೇಶ ಹಬ್ಬ ಮಾಡಿತ್ತು. ಆಗ ನಾರ್ವೆ ಸ್ವೀಡನ್ ರಾಜನ ಕೆಳಗಿತ್ತು, ತಮ್ಮದು ಅಂತ ಹೇಳಿಕೊಳ್ಳೋಕೆ ಹಳೆಯ ರಾಜರು, ಹಳೆಯ ದೇವರುಗಳು ಬೇಕಾಗಿದ್ದರು.

ಎಂಎಕನ್ನಡ

ಈ ಎಳೆ ನಾನು ಮೂರು ದಿನದಿಂದ ಸುಮ್ಮನೆ ಓದುತ್ತಿದ್ದೆ. ಸಂಗೀತದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ನನ್ನ ತಮ್ಮನ ಕಾಟದಿಂದ ಕೇಳಿದ್ದೇನೆ. ಆದರೆ ಭಾಷೆ ವಿಷಯ ಯಾರೂ ಎತ್ತಲಿಲ್ಲ.

ಮೊದಲ ಆಲ್ಬಮ್‌ನ ಸಾಹಿತ್ಯ ಬಹುತೇಕ ಐಸ್ಲೆಂಡಿಕ್‌ನಲ್ಲಿದೆ. 'ಹೈಮ್‌ಡಾಲ್ರ್' ಹಾಡು ಹಳೆ ನಾರ್ಸ್‌ನಲ್ಲಿ. ಇವರು ನಾರ್ವೆ ಹುಡುಗರು, ಮನೆಯಲ್ಲಿ ಆಡೋದು ನಾರ್ವೇಜಿಯನ್. ಐಸ್ಲೆಂಡಿಕ್ ಯಾಕೆ? ಹಳೆಯ ನಾರ್ಸ್ ಭಾಷೆ ನಾರ್ವೆಯಲ್ಲಿ ಬಹಳ ಬದಲಾಗಿ ಹೋಯಿತು. ಐಸ್ಲೆಂಡ್ ದ್ವೀಪದಲ್ಲಿ ಅಷ್ಟಾಗಿ ಬದಲಾಗಲಿಲ್ಲ. ಅಲ್ಲಿನವರು ಏಳೆಂಟು ನೂರು ವರ್ಷ ಹಿಂದಿನ ಕಥೆಗಳನ್ನ ಇವತ್ತೂ ಸ್ವಲ್ಪ ಒದ್ದಾಡಿಕೊಂಡು ಓದಬಲ್ಲರು. ನಾವು ಪಂಪನನ್ನ ಹಾಗೆ ಓದಬಲ್ಲೆವಾ? ನಾನು ಎಂಎ ಮಾಡಿ, ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.

ಹಾಸನದ ಹೈಸ್ಕೂಲ್ ಹುಡುಗ ಡಿಸ್ಟಾರ್ಷನ್ ಪೆಡಲ್ ತುಳಿದುಕೊಂಡು ಹಳಗನ್ನಡದಲ್ಲಿ ಕಿರುಚಿದ ಅಂದುಕೊಳ್ಳಿ. ಏನಾಗುತ್ತದೆ? ಒಂದು ಮಾತೂ ಯಾರಿಗೂ ತಿಳಿಯುವುದಿಲ್ಲ. ಅವನಿಗೇ ಅರ್ಧಂಬರ್ಧ. ಆದರೆ ಅದು ತಮ್ಮದು ಅನ್ನೋ ಜಂಬ ಮಾತ್ರ ಕೇಳುವವರಿಗೆ ತಟ್ಟುತ್ತದೆ. ಈ ಆಲ್ಬಮ್‌ನಲ್ಲಿ ನನಗೆ ಕೇಳಿಸಿದ್ದು ಆ ಜಂಬ. ಹಾಡುಗಳ ಹೆಸರು ನೋಡಿ: 'ಸುತ್ತಿಗೆಯ ಕೆಳಗೆ ಬದುಕುವ ಬಾಳು', 'ಚಳಿಗಾಲದ ರಾತ್ರಿ'. 'ಫ್ರಾಸ್ಟ್'ಗೆ ಬರುವ ಹೊತ್ತಿಗೆ ಐಸ್ಲೆಂಡಿಕ್ ಬಿಟ್ಟು ನಾರ್ವೇಜಿಯನ್‌ಗೆ ಇಳಿದರು.

ತಣ್ಣೀರು

ಇದು ಆಸಕ್ತಿ ಇರುವ ಮಾತು ಮೇಡಂ, ಗಂಟಲಿಗಿಂತ ಚೆನ್ನಾಗಿದೆ.

ಎರಡು ಪ್ರಶ್ನೆ. ಒಂದು, ಹಳೆ ದೇವರು ಹಳೆ ದೇವರು ಅಂತೀರಲ್ಲ, ಅಂದರೆ ಕ್ರೈಸ್ತ ಧರ್ಮಕ್ಕೂ ಮುಂಚಿನ ಪೇಗನ್ ನಂಬಿಕೆ, ಹಾಗಾದರೆ ನಮ್ಮ ತುಳುನಾಡಿನ ಭೂತಕೋಲವೂ ಪೇಗನ್ನೇ ಅಲ್ವಾ? ಅದರ ಮುಂದೆ ಇದೇನು ದೊಡ್ಡದು? ಎರಡು, ಚರ್ಚ್ ಸುಟ್ಟವರು, ಕೊಲೆ ಮಾಡಿದವರು, ಜನಾಂಗದ್ವೇಷದವರು ಎಲ್ಲ ನಾರ್ವೆಯ ಇದೇ ಬ್ಲ್ಯಾಕ್ ಮೆಟಲ್ ಗುಂಪು ಅಂತ ಓದಿದ್ದೇನೆ. ಇವರೂ ಅದೇನಾ? ಹಾಗಿದ್ದರೆ ನಾನು ಕಿವಿ ಕೊಡುವುದಿಲ್ಲ, ರಿಫ್ ಎಷ್ಟೇ ಚೆನ್ನಾಗಿರಲಿ.

ಬರ್ಗೆನ್‌ಮಳೆ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಇದನ್ನ ಮುಚ್ಚಿಡುವುದು ಬೇಡ.

1992ರ ಜೂನ್ 6ರಂದು ಬರ್ಗೆನ್ ಹೊರಗಿನ ಫಾನ್‌ಟಾಫ್ಟ್ ಮರದ ಚರ್ಚ್ ಸುಟ್ಟು ಬೂದಿಯಾಯಿತು. ಈಗ ಇರೋದು ಮತ್ತೆ ಕಟ್ಟಿದ್ದು. ನಮ್ಮ ಮನೆಯಿಂದ ಲೈಟ್ ರೈಲಿನಲ್ಲಿ ಹತ್ತಿರ, ಹೋಗಿ ನೋಡಿದ್ದೇನೆ. ಹೊಸ ಮರದ ವಾಸನೆ ಹೋಗಿದೆ, ಬೇಲಿ ಮಾತ್ರ ಎತ್ತರ. 1993ರ ಆಗಸ್ಟ್ 10ರಂದು ಮೇಹೆಮ್ ಬ್ಯಾಂಡಿನ ಯೂರೋನಿಮಸ್ ಕೊಲೆಯಾದ. ಕೊಂದದ್ದು ಬುರ್ಝುಮ್‌ನ ವಾರ್ಗ್ ವಿಕರ್ನೆಸ್. 21 ವರ್ಷ ಶಿಕ್ಷೆ ಆಯಿತು. ಅವನ ಜನಾಂಗದ್ವೇಷದ ಮಾತು ಎಲ್ಲರಿಗೂ ಗೊತ್ತಿರುವುದೇ.

ಎನ್‌ಸ್ಲೇವ್ಡ್ ಇವರೆಲ್ಲರ ಪಕ್ಕದಲ್ಲೇ ಬೆಳೆದ ಬ್ಯಾಂಡ್. ಅದನ್ನ ಅಲ್ಲಗಳೆಯೋಕೆ ಆಗುವುದಿಲ್ಲ. ಮೊದಲ ಆಲ್ಬಮ್ ಬರಬೇಕಿದ್ದದ್ದೇ ಯೂರೋನಿಮಸ್‌ನ ಲೇಬಲ್ ಡೆತ್‌ಲೈಕ್ ಸೈಲೆನ್ಸ್‌ನಿಂದ. ಅವನು ಸತ್ತ ಆರು ತಿಂಗಳಿಗೆ ಅದೇ ಲೇಬಲ್ ಹೆಸರಿನಲ್ಲೇ ಬಂತು, ಆಲ್ಬಮ್ ಅವನಿಗೇ ಅರ್ಪಣೆ. ಆದರೆ ಬೆಂಕಿ, ಕೊಲೆ ಯಾವುದರಲ್ಲೂ ಈ ಹುಡುಗರು ಇರಲಿಲ್ಲ. ತಮ್ಮ ಹಾಡು ಹಳೆ ದೇವರುಗಳ ಬಗ್ಗೆ, ಸೈತಾನ್ ಬಗ್ಗೆ ಅಲ್ಲ ಅಂತ ಮೊದಲಿಂದ ಹೇಳುತ್ತಾ ಬಂದರು. ವೈಕಿಂಗ್ ಚಿಹ್ನೆಗಳನ್ನ ನಾಜಿ ಜನ ಎಳೆದುಕೊಳ್ಳುವುದನ್ನ ಸಂದರ್ಶನಗಳಲ್ಲಿ ನೇರವಾಗಿ ವಿರೋಧಿಸಿದ್ದಾರೆ. 2014ರಲ್ಲಿ ನಾರ್ವೆ ಸಂವಿಧಾನಕ್ಕೆ 200 ವರ್ಷ ತುಂಬಿದಾಗ ಅದರ ಆಚರಣೆಗೆ ಒಂದು ಸಂಗೀತ ಕೃತಿ ಮಾಡಿಕೊಡಿ ಅಂತ ಕೇಳಿದ್ದು ಇದೇ ಇವಾರ್‌ನನ್ನ. ವಾರ್ಡ್ರೂನಾ ಬ್ಯಾಂಡಿನ ಐನಾರ್ ಸೆಲ್ವಿಕ್ ಜೊತೆ ಸೇರಿ ಮಾಡಿದ.

ಈ ಪ್ರಕಾರದ ಬೇರೆ ಬ್ಯಾಂಡ್‌ಗಳಿಗೆ ನಾನು ಜಾಮೀನು ನಿಲ್ಲುವುದಿಲ್ಲ. ಪೇಗನ್ ಅಂತ ಬೋರ್ಡ್ ಹಾಕಿಕೊಂಡು ಕೊಳಕು ರಾಜಕೀಯ ಮಾರುವವರು ಬೇಕಾದಷ್ಟು ಇದ್ದಾರೆ. ಕೊಳ್ಳುವ ಮುಂಚೆ ನೋಡಿ.

ಎಂಎಕನ್ನಡ

ಮೊದಲನೆಯದು ನನಗಿರಲಿ. ತಣ್ಣೀರು ಅವರೇ, ಕೋಲಕ್ಕೂ ಇದಕ್ಕೂ ಹೋಲಿಕೆ ಸಲೀಸು ಅನಿಸುತ್ತದೆ, ಆದರೆ ಕೂರುವುದಿಲ್ಲ. ನನ್ನ ಅಮ್ಮನ ಮನೆ ಬಂಟ್ವಾಳದ ಕಡೆ. ಅಲ್ಲಿ ಕೋಲ ಅಂದರೆ ದಿನ ಗೊತ್ತಾಗಿದೆ, ಕಟ್ಟುವವರ ಮನೆತನ ಇದೆ, ಪಾಡ್ದನ ಹೇಳುವ ಹೆಂಗಸರಿದ್ದಾರೆ, ಜಮೀನಿನ ತಕರಾರಿಗೆ ದೈವ ನುಡಿ ಕೊಡುತ್ತದೆ. ಎಳೆ ಕಡಿದಿಲ್ಲ. ನಾರ್ವೆಯಲ್ಲಿ ಸಾವಿರನೇ ಇಸವಿಯ ಆಸುಪಾಸಿಗೇ ಕ್ರೈಸ್ತ ಧರ್ಮ ಬಂದು ಹಳೇದೆಲ್ಲ ನಿಂತೇ ಹೋಯಿತು. ಪೂಜೆ ಹೇಗೆ ಮಾಡುತ್ತಿದ್ದರು ಅಂತ ಹೇಳಿಕೊಡಲು ಒಬ್ಬ ಅಜ್ಜಿಯೂ ಉಳಿದಿರಲಿಲ್ಲ.

ಹಾಗಾದರೆ ಓಡಿನ್, ಲೋಕಿ ಕಥೆ ಗೊತ್ತಾಗಿದ್ದು ಹೇಗೆ? ದೊಡ್ಡ ಪಾಲು ಐಸ್ಲೆಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟದ್ದರಿಂದ. 1220ರ ಸುಮಾರು. ನಮ್ಮ ಜನ್ನ ಯಶೋಧರ ಚರಿತೆ ಮುಗಿಸಿದ್ದು 1209, ಹೆಚ್ಚು ಕಡಿಮೆ ಒಂದೇ ಕಾಲದವರು. ಸ್ನೋರಿ ಕ್ರೈಸ್ತ. ಹಳೆ ಪದ್ಯಗಳು ಅರ್ಥವಾಗಬೇಕಾದರೆ ಹಳೆ ದೇವರ ಕಥೆ ಗೊತ್ತಿರಬೇಕು ಅಂತ ಕವಿಗಳಿಗಾಗಿ ಬರೆದ ಪಠ್ಯಪುಸ್ತಕ ಅದು! ಅದರ ಮೊದಲ ಭಾಗದ ಹೆಸರು 'ಗಿಲ್ಫಗಿನ್ನಿಂಗ್'. 'ಫ್ರಾಸ್ಟ್' ಆಲ್ಬಮ್‌ನ ಹಾಡುಗಳ ಪಟ್ಟಿ ನೋಡಿ, ಅದೇ ಹೆಸರಿನ ಹಾಡು ಇದೆ.

ಅಂದರೆ ಹುಡುಗರು ಹಾಡಿದ್ದು ಅಜ್ಜನಿಂದ ಕಲಿತದ್ದಲ್ಲ, ಓದಿ ಕಲಿತದ್ದು. 1220, 1872, 1992. ಪ್ರತಿ ಸಲವೂ ಯಾರೋ ಕೂತು ಹೊಸದಾಗಿ ಕಟ್ಟಿದ್ದಾರೆ. ನನಗೆ ಇದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ಆದರೆ 'ರಕ್ತದಲ್ಲೇ ಇದೆ' ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. ರಕ್ತದಲ್ಲಿಲ್ಲ ಸ್ವಾಮಿ, ಲೈಬ್ರರಿಯಲ್ಲಿದೆ.

ಹಳೇಟೇಪು

ಇಷ್ಟೆಲ್ಲ ಆದ ಮೇಲೆ ನಾನೊಂದು ತಪ್ಪೊಪ್ಪಿಗೆ ಮಾಡಲೇಬೇಕು. ನಗಬೇಡಿ.

'ಫ್ರಾಸ್ಟ್' ನನಗೆ ಸಿಕ್ಕಿದ್ದು 1997ರಲ್ಲೋ 98ರಲ್ಲೋ. ಗೆಳೆಯನೊಬ್ಬ 90 ನಿಮಿಷದ ಟಿಡಿಕೆ ಕ್ಯಾಸೆಟ್‌ಗೆ ಹಾಕಿ ಕೊಟ್ಟಿದ್ದ. ಹಾಡುಗಳ ಹೆಸರು ಅವನ ಕೈಬರಹದಲ್ಲಿ, ಅರ್ಧ ತಪ್ಪು. ನಮ್ಮ ಮನೆಯ ಟೂ-ಇನ್-ಒನ್‌ನಲ್ಲಿ ಆರು ತಿಂಗಳು ದಿನಾ ಕೇಳಿದೆ. ಎಂಥ ಭಾರ! ಎಂಥ ಗಾಂಭೀರ್ಯ! ಆನೆ ನಡೆದ ಹಾಗೆ. ಹಾಡುವವನ ದನಿ ಬಾವಿ ಒಳಗಿಂದ ಬಂದ ಹಾಗೆ. ಸಿಕ್ಕವರಿಗೆಲ್ಲ 'ಇದು ನಿಧಾನಗತಿಯ ಬ್ಲ್ಯಾಕ್ ಮೆಟಲ್' ಅಂತ ಪಾಠ ಮಾಡಿದ್ದೆ.

ಒಂದು ದಿನ ಅಪ್ಪ ತಮ್ಮ ರಾಜ್‌ಕುಮಾರ್ ಕ್ಯಾಸೆಟ್ ಹಾಕಿದರು. ಅಣ್ಣಾವ್ರು ಜ್ವರ ಬಂದವರ ಹಾಗೆ ಎಳೆದೆಳೆದು ಹಾಡುತ್ತಿದ್ದಾರೆ! ಅಪ್ಪ ಸ್ಕ್ರೂಡ್ರೈವರ್ ತಂದು ಹಿಂದಿನ ಮುಚ್ಚಳ ಬಿಚ್ಚಿದರು. ಮೋಟರಿನ ರಬ್ಬರ್ ಬೆಲ್ಟ್ ಸಡಿಲವಾಗಿ, ಕೊಟ್ಟಿಗೆ ಹಗ್ಗದ ಹಾಗೆ ಜೋತುಬಿದ್ದಿತ್ತು. ಐದು ರೂಪಾಯಿಯ ಹೊಸ ಬೆಲ್ಟ್ ಹಾಕಿದೆವು. ಆಮೇಲೆ 'ಫೆನ್ರಿಸ್' ಹಾಡು ಹಾಕಿದರೆ ಹುಚ್ಚುನಾಯಿ ಬೆನ್ನಟ್ಟಿದ ಹಾಗೆ ಓಡುತ್ತಿದೆ. ಹೊಸ ಬೆಲ್ಟೇ ಕೆಟ್ಟಿದೆ ಅಂತ ಅಪ್ಪನ ಜೊತೆ ಜಗಳ ಆಡಿದೆ.

'ಕ್ಯಾಸೆಟ್‌ನಲ್ಲಿ ಕೇಳಿದವನು, ನನಗೆ ಗೊತ್ತು' ಅಂದೆನಲ್ಲ ಮೇಲೆ. ಅದನ್ನ ವಾಪಸ್ ತಗೊಳ್ಳುತ್ತೇನೆ. ಡೆಮೊ ಬಗ್ಗೆ ಹೇಳಿದ್ದನ್ನ ತಗೊಳ್ಳುವುದಿಲ್ಲ.

ಡಬಲ್‌ಬಾಸ್

ಅಣ್ಣಾ 😂😂 ಟ್ರಿಮ್ ಟೋರ್ಸನ್ ಅಷ್ಟು ಕಷ್ಟಪಟ್ಟು ಬಾರಿಸಿದ್ದನ್ನ ಆರು ತಿಂಗಳು ಆನೆ ನಡಿಗೆ ಮಾಡಿಟ್ಟುಬಿಟ್ಟಿರಲ್ಲ.

ನಿಜ ಹೇಳಬೇಕೆಂದರೆ ಆ ನಿಧಾನದ 'ಫ್ರಾಸ್ಟ್' ಈಗ ನನಗೂ ಕೇಳಬೇಕು ಅನಿಸುತ್ತಿದೆ. ಕಂಪ್ಯೂಟರಿನಲ್ಲಿ ವೇಗ ಇಳಿಸಿ ನೋಡುತ್ತೇನೆ.

@ತಣ್ಣೀರು ನೀವು 'ಫ್ರಾಸ್ಟ್'ನ 'ಇಗ್‌ಡ್ರಾಸಿಲ್' ಹಾಡು ಮಾತ್ರ ಕೇಳಿ. (ಡೆಮೊ ಹೆಸರೂ ಇದೇ, ಗೊಂದಲ ಬೇಡ, ಇದು ಬೇರೆ.) ಕಿರುಚಾಟ ಇಲ್ಲ, ಬ್ಲಾಸ್ಟ್ ಇಲ್ಲ. ಮೋರ್ಸಿಂಗ್ ಇದೆ! ನಾರ್ವೆಯಲ್ಲಿ ಅದಕ್ಕೆ ಮುನ್‌ಹಾರ್ಪೆ ಅಂತಾರೆ, ಬಾಯಿವೀಣೆ ಅಂದುಕೊಳ್ಳಿ. ನಮ್ಮ ಕಛೇರಿಯಲ್ಲಿ ಮೃದಂಗದ ಪಕ್ಕ ಕೂತು ಟೊಂಯ್ ಟೊಂಯ್ ಅನ್ನುತ್ತದಲ್ಲ, ಅದೇ ಜಾತಿ.

ಕಾಫಿತೋಟ

ತಡವಾಯಿತು, ಕ್ಷಮಿಸಿ. ಇಲ್ಲಿ ಮಳೆ, ಮೂರು ದಿನ ಕರೆಂಟ್ ಇರಲಿಲ್ಲ. ಫೋನ್‌ಗೆ ಇಳಿಸಿಕೊಂಡದ್ದು ಮಾತ್ರ ಕೇಳಿದೆ, ಜೀಪಿನಲ್ಲಿ ಚಾರ್ಜ್ ಮಾಡಿಕೊಂಡು.

ಡಬಲ್‌ಬಾಸ್ ಹೇಳಿದ ಹಾಗೆ 'ಆಲ್‌ಫಾದ್ರ್ ಓಡಿನ್' ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಮೊದಲು ಡೆಮೊದ್ದು, ಆಮೇಲೆ 'ಹೊರ್ಡಾನೆಸ್ ಲಾಂಡ್'ದು. ಒಂದು ಸಲಕ್ಕೆ ಏನೂ ತಿಳಿಯಲಿಲ್ಲ. ಮೂರನೇ ಸಲಕ್ಕೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತಾಗ, ಪಲ್ಪರ್ ಸದ್ದು ಮೆಲ್ಲಗೆ ಬಿಡಿಸಿಕೊಂಡಿತು. ಗಿಟಾರ್ ಒಂದು ಕಡೆ, ಅದರ ಹಿಂದೆ ಕೀಬೋರ್ಡ್. ಕೀಬೋರ್ಡ್ ಗಿಟಾರಿಗಿಂತ ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ ಅಂತ ನನಗನಿಸಿತು. ಎರಡನ್ನೂ ನುಡಿಸಿದ್ದು ಇವಾರ್ ಒಬ್ಬನೇ ಅಂತ ಓದಿದೆ. ಅಂದರೆ ಹುಡುಗ ಮೊದಲು ಗಿಟಾರ್ ಬಾರಿಸಿ, ಆಮೇಲೆ ತನ್ನದೇ ಕೈಯನ್ನ ಹಿಡಿಯೋಕೆ ಹಿಂದೆ ಓಡುತ್ತಿದ್ದಾನೆ. ಇದು ಹೊಳೆದ ಮೇಲೆ ಹಾಡು ಪೂರ್ತಿ ಬೇರೆ ಆಯಿತು. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕೋದು ಕಲಿಯುತ್ತಿದ್ದೆ.

ಡೆಮೊನಾ, ಇಪಿನಾ ಅಂತ ಕೇಳಿದರೆ ಇಪಿ. ಹಳೇಟೇಪು ಅಣ್ಣ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹೆಚ್ಚು ಸಲ ಹಾಕಿದ್ದು ಎರಡೂ ಅಲ್ಲ, 'ವೈಕಿಂಗ್ಲಿಗ್ರ್ ವೆಲ್ಡಿ'ಯ ಕೊನೆಯ 'ನೋರ್‌ವೇಗ್ರ್'. ಮಾತೇ ಇಲ್ಲ, ಬರೀ ವಾದ್ಯ, ಹತ್ತು ಹನ್ನೊಂದು ನಿಮಿಷ. ಕರೆಂಟ್ ಇಲ್ಲದ ರಾತ್ರಿ, ಹಂಚಿನ ಮೇಲೆ ಮಳೆ, ಕಿವಿಯಲ್ಲಿ ಇದು. ಎಲ್ಲಿ ಹಾಡು ಮುಗಿದು ಎಲ್ಲಿ ಮಳೆ ಶುರುವಾಯಿತು ಅಂತ ಗೊತ್ತಾಗಲಿಲ್ಲ. 'ನೋರ್‌ವೇಗ್ರ್' ಅಂದರೆ ಏನು, ಬರ್ಗೆನ್‌ಮಳೆ ಅವರೇ?

ಬರ್ಗೆನ್‌ಮಳೆ

'ಬಡಗಣ ದಾರಿ'. ನಾರ್ವೆ ಅನ್ನೋ ಹೆಸರು ಬಂದದ್ದೇ ಅದರಿಂದ ಅಂತಾರೆ. ಕರಾವಳಿ ಉದ್ದಕ್ಕೆ ಉತ್ತರಕ್ಕೆ ಹೋಗುವ ಹಡಗಿನ ದಾರಿ. ಆ ದಾರಿ ಹೌಗೆಸುಂಡ್ ಪಕ್ಕದ ಕಾರ್ಮ್‌ಸುಂಡ್ ಅನ್ನೋ ಇಕ್ಕಟ್ಟಾದ ಜಲಸಂಧಿಯಲ್ಲೇ ಹಾದುಹೋಗುತ್ತದೆ. ಹಡಗುಗಳ ಮೇಲೆ ಕಣ್ಣಿಡೋಕೆ ಅಂತಲೇ ಹಳೆ ರಾಜರು ಅಲ್ಲಿ ಮನೆ ಮಾಡಿಕೊಂಡಿದ್ದರು. ಹುಡುಗರು ಬೆಳೆದದ್ದು ಅದೇ ಆಸುಪಾಸಿನಲ್ಲಿ.

ತಣ್ಣೀರು

ಮೋರ್ಸಿಂಗ್ ಹಾಡು ಕೇಳಿದೆ. ಪೂರ್ತಿ ಕೇಳಿದೆ. ಎರಡು ಸಲ.

ಇದರ ಮುಂದಿನ ಹಾಡಿನಲ್ಲಿ ಮತ್ತೆ ಗಂಟಲು ಕೆರೆಯುತ್ತಾರಾ, ಇಲ್ಲಾ ಇದೇ ಥರ ಇರುತ್ತದಾ? ಮೊದಲೇ ಹೇಳಿಬಿಡಿ, ಮನೆಯಲ್ಲಿ ಮಗು ಮಲಗಿದೆ.